ಮೂವತ್ತೆಂಟನೆಯ ಬಾಗಿಲು

ಬೆಳಗಿನ ಹತ್ತಕ್ಕೇ ಖಣಿಪುರದಲ್ಲಿ ಬಿಸಿಲು ನಲವತ್ತಾರು ಡಿಗ್ರಿ ದಾಟಿತ್ತು. ಕೆಲಸಕ್ಕೆ ಹೊರಟಿದ್ದ ನೀಲಗಂಗಾ ಚಪ್ಪಲಿ ಮೆಟ್ಟಿದ ಮೇಲೂ ಮತ್ತೆ ಒಳಗೆ ಹೋಗಿ ಗೋಡೆಯ ಮೇಲಿನ ಡಬ್ಬಿಯನ್ನು ನೋಡಿ ಬಂದಳು. ಎರಡು ತಿಂಗಳಿಂದ ಅವಳಿಗೆ ಇದೊಂದು ಚಟವಾಗಿಬಿಟ್ಟಿತ್ತು. ಡಬ್ಬಿಯ ಹಸಿರು ದೀಪ ಆರಿತ್ತು. ಕಿತ್ತ ವಾಯರಿನ ತುದಿ ಕೆಳಗೆ ನೇತಾಡುತ್ತಿತ್ತು. ಆದರೂ ನೆಲದಡಿಯ ಕೊಳವೆಯಲ್ಲಿ ತಣ್ಣೀರು ಹರಿಯುವ ಸಣ್ಣ ಸದ್ದು ಕೇಳುತ್ತಿತ್ತು. ಆರು ವರ್ಷದ ಮಗಳು ಮುಕ್ತಾ ತಂಪು ಫರಸಿ ನೆಲದ ಮೇಲೆ ಬೋರಲು ಮಲಗಿ ಪಾಟಿಯಲ್ಲಿ ಬಳಪದಿಂದ ಒಂಟೆಯ ಚಿತ್ರ ಬರೆಯುತ್ತಿದ್ದಳು.

“ಇನ್ನೆಷ್ಟು ಸಲ ನೋಡ್ತಿ? ಅದೇನ್ ಕಾಲ್ ಬಂದು ಓಡಿ ಹೋಗ್ತದೇನು?” ಅಡುಗೆಮನೆಯಿಂದ ಅತ್ತೆ ಕಸ್ತೂರಬಾಯಿ ಗದರಿದಳು. “ಹೋಗ್ ಬಾ ಯವ್ವಾ, ತಡ ಆಗ್ಯದ.”

ಮುಕ್ತಾಳಿಗೆ ಬೆವರು ಬರುವುದಿಲ್ಲ. ಹುಟ್ಟಿನಿಂದಲೇ ಅವಳ ಚರ್ಮದಲ್ಲಿ ಬೆವರಿನ ಗ್ರಂಥಿಗಳಿಲ್ಲ. ನಮಗೆ ನಿಮಗಾದರೆ ಸೆಖೆಗೆ ಬೆವರು ಸುರಿದು ಮೈ ತಣಿಯುತ್ತದೆ, ಈ ಕೂಸಿಗೆ ಆ ಭಾಗ್ಯವಿಲ್ಲ. ಮನೆಯ ಕಾವು ಮೂವತ್ತೈದರ ಮೇಲೆ ಅರ್ಧ ಗಂಟೆ ನಿಂತರೆ ಮೈ ಹಂಚಿನಂತಾಗಿ ಕಣ್ಣು ಮೇಲಾಗುತ್ತವೆ. ಹೋದ ವರ್ಷ ಹಾಗಾಗಿ ಮೂರು ದಿನ ಆಸ್ಪತ್ರೆಯಲ್ಲಿದ್ದಳು. ಇನ್ನೊಂದು ಸಲ ಹೀಗಾದರೆ ನಾನು ಮಾತು ಕೊಡಲಾರೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಇಂಥ ರೋಗಿಗಳಿರುವ ಮನೆಗಳಿಗೆ ಊರಿನ ತಂಪು ಮಂಡಳಿ ದಿನವಿಡೀ ತಂಪು ಬಿಡುತ್ತದೆ. ಅದಕ್ಕೆ ಮನೆಯ ದೊಡ್ಡವರೆಲ್ಲ ಅರ್ಜಿಗೆ ಸಹಿ ಮಾಡಬೇಕು, ಬಾಗಿಲಿಗೆ ಒಂದು ಬಿಳಿ ಹಲಗೆ ಹೊಡೆಸಿಕೊಳ್ಳಬೇಕು. ಹಲಗೆಯ ಮಾತೆತ್ತಿದರೆ ಕಸ್ತೂರಬಾಯಿ ಉರಿದು ಬೀಳುತ್ತಿದ್ದಳು. “ಬಾಗಲಿಗಿ ರೋಗದ ಹಲಗಿ ಹೊಡದ್ರ ನಾಳೆ ಈ ಕೂಸಿನ್ನ ಯಾರ್ ಮಾಡ್ಕೋತಾರ? ನಮ್ಮನಿ ಮಾತು ನಮ್ಮನ್ಯಾಗೇ ಇರ್ಲಿ.” ಓಣಿಯವರಿಗೆ ಹೇಳಿದ್ದು ಇಷ್ಟೇ: ಕೂಸು ನಾಜೂಕು, ಹೊರಗೆ ಬಿಡುವುದಿಲ್ಲ. ನೀಲಗಂಗಾಳ ಗಂಡ ರೈಲ್ವೆಯವನು, ವಾರಕ್ಕೊಮ್ಮೆ ಬರುವವನು. ತಾಯಿಯ ಮುಂದೆ ತಾಯಿಯದು ಸರಿ ಎನ್ನುತ್ತಿದ್ದ, ಹೆಂಡತಿಯ ಮುಂದೆ ಹೆಂಡತಿಯದು. ಅರ್ಜಿ ಕಪಾಟಿನಲ್ಲೇ ಉಳಿದಿತ್ತು.

ಖಣಿಪುರ ಎಂದರೆ ನೆಲಕ್ಕೆ ಹಾಸುವ ಫರಸಿಕಲ್ಲಿನ ಊರು. ಕಲ್ಲು ತೆಗೆದೂ ತೆಗೆದೂ ಖಾಲಿಯಾಗಿ ಬಾಯಿಬಿಟ್ಟಿದ್ದ ಖಣಿಗಳಿಗೆ, ಬಿಸಿಲು ಐವತ್ತು ಮುಟ್ಟತೊಡಗಿದ ಕಾಲದಲ್ಲಿ, ಹಿರಿಯರು ನೀರು ತುಂಬಿಸಿ ಮೇಲೆ ಚಪ್ಪರ ಮುಚ್ಚಿದರು. ಇರುಳೆಲ್ಲ ಆ ನೀರನ್ನು ಬಯಲಿನ ತಗಡುಗಳ ಮೇಲೆ ಹರಿಸಿ ತಣಿಸುತ್ತಾರೆ, ಹಗಲು ಅದನ್ನೇ ಮನೆಮನೆಯ ನೆಲದಡಿ ಹರಿಸುತ್ತಾರೆ. ಹದಿನೆಂಟು ಸಾವಿರ ಮನೆ. ಮನೆಗೆ ನೀರು ಬಿಡುವ ಕವಾಟಕ್ಕೆ ಮಂಡಳಿಯವರು ಬಾಗಿಲು ಎನ್ನುತ್ತಾರೆ, ಕೊಳವೆಯ ಒತ್ತಡ ತಡೆಯುವುದು ಒಮ್ಮೆಗೆ ಅಂಥ ಆರು ಸಾವಿರ ಬಾಗಿಲು ಮಾತ್ರ. ಹಾಗಾಗಿ ಸರದಿ. ಮನೆ ಕಾದಾಗ ಗೋಡೆಯ ಡಬ್ಬಿ ‘ಬೇಕು’ ಎಂದು ಮಂಡಳಿಗೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಯ ತಂತ್ರಾಂಶ ಆ ಮನೆಗೆ ಒಂದು ಬಾಗಿಲು ತೆರೆಯುತ್ತದೆ. ಇಪ್ಪತ್ತು ನಿಮಿಷದಲ್ಲಿ ಮನೆ ತಣಿದು ಡಬ್ಬಿ ‘ಸಾಕು’ ಎಂದರೆ ಆ ಬಾಗಿಲು ಮುಚ್ಚಿ ಇನ್ನೊಂದು ಮನೆಗೆ ತೆರೆಯುತ್ತದೆ. ಗಂಟೆಗೆ ಇಪ್ಪತ್ತು ನಿಮಿಷ ತಂಪು, ನಲವತ್ತು ನಿಮಿಷ ತಾಳ್ಮೆ. ಊರು ಅದಕ್ಕೆ ಹೊಂದಿಕೊಂಡಿತ್ತು, ಮುಕ್ತಾಳ ಮೈ ಹೊಂದಿಕೊಂಡಿರಲಿಲ್ಲ.

ತಂತ್ರಾಂಶದ ಮುಖ್ಯಸ್ಥೆ ನೀಲಗಂಗಾಳೇ. ಸುದ್ದಿ ಕಳಿಸುವ ಡಬ್ಬಿಯೇ ಸತ್ತರೆ ‘ಸಾಕು’ ಎನ್ನುವವರು ಯಾರೂ ಇಲ್ಲ, ಬಾಗಿಲು ತೆರೆದೇ ಉಳಿಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಎರಡು ತಿಂಗಳ ಹಿಂದೆ, ಸರದಿ ಬಂದು ನೆಲ ತಣ್ಣಗಾದ ಹೊತ್ತಿನಲ್ಲಿ, ಅವಳೇ ವಾಯರ್ ಕಿತ್ತಿದ್ದಳು. ಆರು ಸಾವಿರದಲ್ಲಿ ಒಂದು, ಯಾರ ಗಂಟು ಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಸಮಾಧಾನ ಮಾತ್ರ ಆಗಿರಲಿಲ್ಲ.

ಮಂಡಳಿಯ ನಿಯಂತ್ರಣ ಕೋಣೆಗೆ ಕಾಲಿಟ್ಟಾಗ ಫೋನುಗಳೆಲ್ಲ ಒಟ್ಟಿಗೇ ಬಡಿದುಕೊಳ್ಳುತ್ತಿದ್ದವು. ಮೂರು ವಾರದಿಂದ ಸರದಿ ನಿಧಾನವಾಗುತ್ತಲೇ ಬಂದಿತ್ತು. ನಲವತ್ತು ನಿಮಿಷದ ಕಾಯುವಿಕೆ ಒಂದು ಗಂಟೆಯಾಗಿ, ಎರಡಾಗಿ, ಈಗ ಎರಡೂವರೆ ಗಂಟೆಗೆ ಬಂದು ನಿಂತಿತ್ತು.

“ಬೆಳಿಗ್ಗಿಂದ ಹನ್ನೊಂದ್ ಮಂದಿ ದವಾಖಾನಿಗಿ ಹೋಗ್ಯಾರ ಮೇಡಂ,” ಎಂದ ಶೀಲವಂತ. ಅವಳ ಕೈಕೆಳಗಿನ ಇಂಜಿನಿಯರ್, ಮೂರು ದಿನದಿಂದ ಗಡ್ಡ ಬೋಳಿಸಿಕೊಂಡಿರಲಿಲ್ಲ. “ಅದ್ರಾಗ ಒಬ್ರು ಬಾಣಂತಿ.”

ಪರದೆಯ ಮೇಲೆ ಎರಡೇ ಸಾಲು ಕೆಂಪಗೆ ಉರಿಯುತ್ತಿದ್ದವು. ತೆರೆದ ಬಾಗಿಲು ಆರು ಸಾವಿರ. ಖಾಲಿ ಬಾಗಿಲು ಸೊನ್ನೆ.

ಜಾವಾ ಭಾಷೆಯಲ್ಲಿ ಬರೆದ ವೆಬ್ ತಂತ್ರಾಂಶ ಕೈಕೊಟ್ಟಾಗ ಎಲ್ಲರೂ ಮಾಡುವ ಉಪಚಾರಗಳೆಲ್ಲ ಆಗಿದ್ದವು. ಯಂತ್ರಕ್ಕೆ ನೆನಪಿನ ಜಾಗ ಸಾಲದೇನೋ ಎಂದು ಎರಡು ಪಟ್ಟು ಕೊಟ್ಟು ನೋಡಿದರು, ತಿಂದು ತೇಗಿ ಹಾಗೇ ಕೂತಿತು. ದತ್ತಾಂಶ ಕೂಡಿಡುವ ಡೇಟಾಬೇಸ್ ಸುಸ್ತಾಗಿದೆಯೇನೋ ಎಂದು ಅದನ್ನು ತಟ್ಟಿ ನೋಡಿದರು, ಅದು ಚುರುಕಾಗಿಯೇ ಉತ್ತರ ಕೊಟ್ಟಿತು. ತಂತ್ರಾಂಶ ತನ್ನ ದಿನಚರಿ ಬರೆದಿಡುವ ಲಾಗ್ ತೆರೆದರೆ ಸಾವಿರಾರು ಸಲ ಅದೇ ಗೋಳು: ಬಾಗಿಲು ಸಿಗಲಿಲ್ಲ, ಕಾಯುತ್ತಿದ್ದೇನೆ. ಅಜ್ಜಂದಿರ ಕಾಲದ ಭಾಷೆ, ಇದನ್ನು ಗುಜರಿಗೆ ಹಾಕಿ ಹೊಸದು ತನ್ನಿ ಎಂದು ಮೇಲಿನವರು ಫೋನಿನಲ್ಲಿ ಕೂಗಾಡಿದರು. ಇವತ್ತು ಮಧ್ಯಾಹ್ನದೊಳಗೆ ಹೊಸದು ಎಲ್ಲಿಂದ ಬರಬೇಕು?

“ರೀಸ್ಟಾರ್ಟ್ ಮಾಡಿಬಿಡೋಣಾ?” ಶೀಲವಂತ ಕೇಳಿದ.

“ಹುಚ್ಚೇನೋ ನಿನಗ? ಎಲ್ಲಾ ಬಾಗಲಾ ಮುಚ್ಚಿ ಒಂದೊಂದೇ ತಪಾಸ ಮಾಡಿ ತೆರೀಲಿಕ್ಕಿ ಐವತ್ತು ನಿಮಿಷ ಬೇಕು. ಹೊರಗ ನಲವತ್ತೊಂಬತ್ತು ಅದ. ಊರಿಗೂರೇ ಸುಟ್ಟು ಹೋಗ್ತದ.”

ಹೇಳುವಾಗ ಅವಳ ಕಣ್ಣ ಮುಂದೆ ಇದ್ದದ್ದು ಊರಲ್ಲ, ಪಾಟಿ ಹಿಡಿದ ಒಂದು ಕೂಸು. ಅದು ಅವಳಿಗೂ ತಿಳಿದಿತ್ತು. ಬೆಳಗಿನಿಂದ ಅವಳು ಎಲ್ಲರನ್ನೂ ಎಲ್ಲ ಕಡೆ ಹುಡುಕಲು ಓಡಿಸುತ್ತಿದ್ದಳು, ಒಂದು ಕಡೆ ಬಿಟ್ಟು. ‘ಸಾಕು’ ಬಾರದೆ ನಿಂತ ಬಾಗಿಲು ಎಷ್ಟಿವೆ ಎಂಬ ಪ್ರಶ್ನೆ ಬಾಯಿಗೆ ಬಂದಾಗೆಲ್ಲ ನೀರು ಕುಡಿದು ನುಂಗಿಬಿಡುತ್ತಿದ್ದಳು. ಒಂದು ವಾಯರಿನಿಂದ ಊರು ನಿಲ್ಲುತ್ತದೆಯೇ? ಸಾಧ್ಯವೇ ಇಲ್ಲ. ಸಾಧ್ಯವಿಲ್ಲ ಎಂದು ಲೆಕ್ಕ ಹಾಕಿ ಮುಗಿಸಿ, ಮತ್ತೆ ಮೊದಲಿಂದ ಹಾಕುತ್ತಿದ್ದಳು.

ಹನ್ನೆರಡೂವರೆಗೆ ಲಾಡ್ಲೇಸಾಬ್ ಒಳಗೆ ಬಂದ. ಮೂವತ್ತು ವರ್ಷದಿಂದ ಇಲ್ಲಿಯ ಆಪರೇಟರ್, ಯಂತ್ರಗಳಿಗೆ ಹೆಸರಿಟ್ಟು ಮಾತಾಡಿಸುವವನು. ಗೋಡೆಗೆ ಒರಗಿ ನಿಂತು, ಯಾರೂ ಕೇಳದಿದ್ದರೂ ಹೇಳಿದ: “ಮೂರು ಅಮಾಸಿ ತಪ್ಪ್ಯಾವ ಬಾಯಾರೆ. ನಾ ಆಗೇ ಹೇಳಿದ್ದೆ.”

ಕೋಣೆಯಲ್ಲಿ ಒಂದಿಬ್ಬರು ಕಿಸಕ್ಕೆಂದರು. ಅಮಾವಾಸ್ಯೆಗೆ ಲಾರಿಗೆ, ಟ್ರ್ಯಾಕ್ಟರಿಗೆ, ಹಿಟ್ಟಿನ ಗಿರಣಿಗೆ ಪೂಜೆ ಮಾಡುವಂತೆ ಈ ಸರ್ವರ್ ಯಂತ್ರಕ್ಕೂ ಮೊದಲ ದಿನದಿಂದ ಪೂಜೆ ನಡೆದುಬಂದಿತ್ತು. ಕಾಯಿ ನಿಂಬೆಹಣ್ಣು ತರುವ ಜವಾಬ್ದಾರಿ ಲಾಡ್ಲೇಸಾಬನದೇ, ಒಂದು ಅಮಾಸಿಯೂ ಮರೆತವನಲ್ಲ. ನೀಲಗಂಗಾ ಮುಖ್ಯಸ್ಥೆಯಾದ ಮೇಲೆ ಅದನ್ನು ನಿಲ್ಲಿಸಿದ್ದಳು. ಗಳಿಗೆ ಸಹ ನಿಲ್ಲದೆ ತೊಂಬತ್ತು ದಿನ ಓಡಿದ ಸೇವೆ ಎಂದು ಗೋಡೆಗೆ ಬೋರ್ಡು ಹಾಕಿಸಿದ್ದೂ ಅವಳೇ.

“ಸಾಬ್ರೇ, ಇದು ನಗೋ ಹೊತ್ತಲ್ಲ,” ಎಂದವಳು ಅರ್ಧಕ್ಕೇ ನಿಂತಳು. “ತಡೀರಿ. ಪೂಜಿಗಿ ಮೊದಲ ಏನ್ ಮಾಡ್ತಿದ್ರಿ?”

“ಏನ್ ಮಾಡ್ತಾರ? ಚಾಲೂ ಯಂತ್ರಕ್ಕ ಕುಂಕುಮ ಹಚ್ಚಬಾರ್ದು ಅಂತ ಹೊತ್ತು ಹುಟ್ಟೋ ಮೊದ್ಲ ಬಂದ್ ಮಾಡ್ತಿದ್ವಿ. ಧೂಳ ಒರಸಿ, ಕಾಯಿ ಒಡದು, ಮತ್ತ ಚಾಲೂ ಮಾಡ್ತಿದ್ವಿ. ಆ ತಂಪು ಹೊತ್ತಿನ್ಯಾಗ ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ.”

ನೀಲಗಂಗಾ ಗೋಡೆಯ ತೊಂಬತ್ತು ದಿನದ ಬೋರ್ಡಿನ ಕಡೆ ತಿರುಗಿದಳು. ಅಯ್ಯೋ ದೇವರೇ, ತಿಂಗಳಿಗೊಮ್ಮೆ ರೀಸ್ಟಾರ್ಟ್ ಆಗುತ್ತಿತ್ತು! ತಿಂಗಳೆಲ್ಲ ಅಲ್ಲೊಂದು ಇಲ್ಲೊಂದು ಡಬ್ಬಿ ಕೆಟ್ಟು, ಬಾಗಿಲು ಸಿಕ್ಕಿಕೊಂಡು, ಅಮಾಸಿಯ ದಿನ ಎಲ್ಲವೂ ಮುಚ್ಚಿ ಲೆಕ್ಕ ಚೊಕ್ಕವಾಗುತ್ತಿತ್ತು. ಡಬ್ಬಿ ಕೆಟ್ಟ ಮನೆಗೆ ಅವತ್ತಿನಿಂದ ತಂಪು ಬಂದ್. ಅವರು ಓಡಿಬಂದು ದುರಸ್ತಿ ಮಾಡಿಸಿಕೊಳ್ಳುತ್ತಿದ್ದರು. ತಂತ್ರಾಂಶದಲ್ಲಿ ಹುಟ್ಟಿನಿಂದ ಇದ್ದ ತೂತನ್ನು ಒಂದು ನಿಂಬೆಹಣ್ಣು ಇಪ್ಪತ್ತು ವರ್ಷ ಮುಚ್ಚಿಟ್ಟಿತ್ತು. ಅವಳು ನಿಂಬೆಹಣ್ಣು ತೆಗೆದುಹಾಕಿದಳು, ತೂತು ಹಾಗೇ ಬಿಟ್ಟಳು.

ಇನ್ನು ನುಂಗುವುದಕ್ಕೆ ಏನೂ ಉಳಿದಿರಲಿಲ್ಲ. “ಶೀಲವಂತ, ಥ್ರೆಡ್ ಡಂಪ್ ತೆಗಿ,” ಎಂದಳು. ತಂತ್ರಾಂಶದ ಒಳಗೆ ಬಾಗಿಲಿಗೊಂದರಂತೆ ದುಡಿಯುವ ಒಂದೊಂದು ಎಳೆಯೂ ಈ ಕ್ಷಣ ಕೋಡಿನ ಯಾವ ಸಾಲಿನಲ್ಲಿ ನಿಂತು ಏನು ಮಾಡುತ್ತಿದೆ ಎಂದು ತೋರಿಸುವ ಪಟ್ಟಿ ಅದು. “ಬಾಗಲಾ ಹಿಡಕೊಂಡು ಕುಂತಿದ್ದವ್ನೆಲ್ಲ ತೆರೆದ ತಾರೀಖಿನ ಪ್ರಕಾರ ಜೋಡಿಸು. ಹಳೇವು ಮ್ಯಾಲ ಬರ್ಲಿ.”

ಪಟ್ಟಿ ಬಂತು. ನಾಲ್ಕು ಸಾವಿರದ ಮುನ್ನೂರು ಎಳೆಗಳು ಒಂದೇ ಸಾಲಿನಲ್ಲಿ ನಿಂತಿದ್ದವು, ಎಲ್ಲಕ್ಕೂ ‘ಸಾಕು’ ಎಂಬ ಸುದ್ದಿ ಬರಬೇಕಿತ್ತು. ಶೀಲವಂತ ಆ ಸಾಲನ್ನು ತೆರೆದ. ಇಪ್ಪತ್ತು ವರ್ಷದ ಹಿಂದೆ ಬರೆದ ಪುಣ್ಯಾತ್ಮ ಯಾರೋ ಮೇಲೆ ಒಂದು ಟಿಪ್ಪಣಿ ಬಿಟ್ಟಿದ್ದ: ‘ಉಣ್ಣಲು ಕೂತವರು ಸಾಕು ಎನ್ನುವವರೆಗೆ ಬಡಿಸಬೇಕು. ನಾವಾಗಿಯೇ ಕೈ ಹಿಂದೆ ತೆಗೆಯಬಾರದು.’ ಎಷ್ಟು ಹೊತ್ತು ಕಾಯಬೇಕು ಎಂಬ ಗಡುವೇ ಇರಲಿಲ್ಲ. ಉಣ್ಣುತ್ತಿದ್ದವನು ಎಲೆಯ ಮುಂದೆ ಮಾತು ಬಂದ್ ಮಾಡಿ ಕೂತುಬಿಟ್ಟರೆ ಏನು ಗತಿ ಎಂದು ಆ ಒಳ್ಳೆಯ ಮನುಷ್ಯನಿಗೆ ಹೊಳೆದೇ ಇರಲಿಲ್ಲ.

“ಆದ್ರ ನಾಲ್ಕ್ ಸಾವಿರ ಡಬ್ಬಿ ಹೆಂಗ ಕೆಡ್ತಾವ?” ಎನ್ನುತ್ತ ಶೀಲವಂತ ಪಟ್ಟಿಯನ್ನು ಗಟ್ಟಿಯಾಗಿ ಓದತೊಡಗಿದ. “ಮೊದಲ್ನೆ ಮೂವತ್ತೇಳು ಊರ ತುಂಬ ಚೆಲ್ಯಾವ, ಇವು ನಿಜಕ್ಕೂ ಕೆಟ್ಟಿದ್ದು. ಮೂವತ್ತೆಂಟು, ಗಾಣಿಗರ ಓಣಿ, ಮನಿ ನಂಬರ್ ಹದಿನಾಲ್ಕು. ಮೂವತ್ತೊಂಬತ್ತು, ಗಾಣಿಗರ ಓಣಿ, ಹದಿನೈದು. ನಲವತ್ತು, ಗಾಣಿಗರ ಓಣಿ, ಹದಿಮೂರು. ನಲವತ್ತೊಂದು ಮತ್ತ ಅದೇ ಓಣಿ... ಅರೆ, ಓಣಿ ಓಣಿನೇ ಅದ ಇಲ್ಲಿ! ಆಮ್ಯಾಲ ಬಾಜೂ ಓಣಿ, ಅದ್ರ ಬಾಜೂ. ಯಾರೋ ಬೇಕಂತ್ಲೇ ವಾಯರ್ ಕಿತ್ತಾರ ಮೇಡಂ. ಒಬ್ರನ್ನ ನೋಡಿ ಇನ್ನೊಬ್ರು. ಸರದಿ ತಡ ಆದಂಗ ಮತ್ತಷ್ಟು ಮಂದಿ ಕಿತ್ತಾರ. ಈ ಹದಿನಾಲ್ಕನೇ ನಂಬರ್ ಯಾವ್ ಮಹಾನುಭಾವಂದು...”

ಹೋದ ದೀಪಾವಳಿಗೆ ಆ ಮನೆಯಲ್ಲೇ ಕೂತು ಹೋಳಿಗೆ ಉಂಡು ಬಂದವನು ಅವನು.

“ನಂದು,” ಎಂದಳು ನೀಲಗಂಗಾ.

ಫೋನುಗಳು ಬಡಿದುಕೊಳ್ಳುತ್ತಲೇ ಇದ್ದವು, ಯಾರೂ ಎತ್ತಲಿಲ್ಲ.

“ನಮ್ಮ ಕೂಸಿಗಿ ಬೆವರು ಬರಂಗಿಲ್ಲ. ಹುಟ್ಟಿದಾಗಿಂದ ಇಲ್ಲ. ಅದಕ್ಕ ನಾನೇ ಕಿತ್ತೀನಿ. ಬಾಜೂಮನಿ ಜಗದೇವಿ ನಮ್ಮನಿ ಯಾವಾಗ್ಲೂ ತಂಪಿರೋದು ನೋಡಿ ಒಂದಿನ ಒಳಗ ಬಂದು ಡಬ್ಬಿ ಕಡಿ ನೋಡಿದ್ಲು. ಅವಳೇನೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.” ನಾಚಿಕೆಯಿಂದ ಅವಳ ಕಿವಿ ಸುಡುತ್ತಿದ್ದವು. ಆದರೂ ಎರಡು ತಿಂಗಳಲ್ಲಿ ಮೊದಲ ಬಾರಿಗೆ ಉಸಿರು ಪೂರ್ತಿ ಒಳಗೆ ಹೋದಂತಾಯಿತು. “ಬೈಯೋದಿದ್ರ ನಾಳೆ ಬೈಯ್ರಿ. ಈಗ ಕೆಲಸ ಮಾಡೋಣ.”

ಮದ್ದು ಮೂರು ಸಾಲಿನದು. ಇಪ್ಪತ್ತು ನಿಮಿಷ ಕಾಯುವುದು, ‘ಸಾಕು’ ಬರಲಿ ಬಿಡಲಿ, ನಡುವೆ ಏನೇ ಕೆಡಲಿ, ಕೊನೆಗೆ ಬಾಗಿಲನ್ನು ಮುಚ್ಚಿ ವಾಪಸ್ ಕೊಡುವುದು. ಸರ್ವರ್ ಎರಡಿದ್ದವು. ಒಂದು ಊರನ್ನು ಹೊತ್ತು ನಿಂತಿರುವಾಗ ಇನ್ನೊಂದಕ್ಕೆ ಹೊಸ ಸಾಲು ಹಾಕಿ, ಸಿಕ್ಕಿಬಿದ್ದ ಬಾಗಿಲುಗಳನ್ನು ಹಳೆಯದರಿಂದ ಶುರುಮಾಡಿ ನೂರು ನೂರರಂತೆ ಮುಚ್ಚುತ್ತ ಹೋದರೆ ಊರು ನಿಲ್ಲುವುದಿಲ್ಲ, ಕೊಳವೆಯೂ ಒಡೆಯುವುದಿಲ್ಲ. ನೀಲಗಂಗಾ ಬರೆದಳು, ಶೀಲವಂತ ಎರಡೆರಡು ಸಲ ಓದಿದ.

ಓದಿ ಮುಗಿಸಿ, ಬಗ್ಗಿ ಸಣ್ಣ ದನಿಯಲ್ಲಿ ಹೇಳಿದ: “ಮೂವತ್ತೆಂಟು ಬಿಟ್ಟು ಮುಚ್ಚು ಅಂತ ಒಂದೇ ಒಂದ್ ಷರತ್ತು ಹಾಕ್ಲೇನ್ರಿ? ಯಾರಿಗೂ ಗೊತ್ತಾಗಂಗಿಲ್ಲ. ನಾ ಅಂತೂ ಹೇಳಂಗಿಲ್ಲ.”

ಎಷ್ಟು ಸುಲಭ! ಲಾಡ್ಲೇಸಾಬ್ ಆ ಕಡೆ ಮುಖ ತಿರುಗಿಸಿಕೊಂಡ. ಮುಕ್ತಾಳ ಮೇಲಾದ ಕಣ್ಣು, ಆಸ್ಪತ್ರೆಯ ಆ ಮೂರು ದಿನ, ಎಲ್ಲ ಒಟ್ಟಿಗೆ ಬಂದು ಎದೆಗೆ ಗುದ್ದಿದವು. ಹಾಕು ಎಂದರೆ ಮುಗಿಯಿತು. ಆದರೆ ಹೊರಗೆ ನಾಲ್ಕು ಸಾವಿರ ಮನೆಗಳ ವಾಯರು ಇನ್ನೂ ನೇತಾಡುತ್ತಿವೆ. ಬಾಗಿಲು ಮುಚ್ಚಿದ ಮೇಲೆ ವಾಯರ್ ಚುಚ್ಚದಿದ್ದರೆ ಆ ಮನೆಗಳು ‘ಬೇಕು’ ಎಂದು ಕೇಳಲಾರವು, ಒಳಗಿದ್ದವರು ಬೇಯುತ್ತಾರೆ. ಅವರಿಗೆ ವಾಯರ್ ಹಾಕಿರಿ ಎಂದು ಹೇಳಬೇಕಾದವಳು ಅವಳೇ. ತನ್ನದೊಂದು ಕಿತ್ತಿಟ್ಟುಕೊಂಡು ಯಾವ ಬಾಯಲ್ಲಿ ಹೇಳುವುದು?

“ಬ್ಯಾಡ,” ಎಂದಳು. “ಹಂಗೇ ಇರ್ಲಿ.”

ಮನೆಗೆ ಫೋನ್ ಮಾಡಿದಳು. “ಅತ್ತೆಮ್ಮಾ, ಡಬ್ಬಿ ವಾಯರ್ ಚುಚ್ಚಿಬಿಡ್ರಿ. ಈಗಿಂದೀಗ. ಇನ್ನ ಐದು ನಿಮಿಷಕ್ಕ ನಮ್ಮನಿ ತಂಪು ನಿಲ್ತದ. ಮತ್ತ ಸರದಿ ಬರಾಕ ತಾಸು ಹತ್ತಬಹುದು.”

“ಏನ್ ಹೇಳ್ಲತ್ತಿ? ಯಾರ್ ನಿಲ್ಲಸ್ತಾರ?”

“ನಾನೇ.”

ಕಸ್ತೂರಬಾಯಿ ಕೂಗಿದ್ದು ಫೋನ್ ಇಲ್ಲದಿದ್ದರೂ ಕೇಳಿಸುತ್ತಿತ್ತೇನೋ: “ನೀ ತಾಯಿ ಏನಬೇ? ಕೂಸು ಸತ್ತ್ರ?” ಫೋನ್ ಕಟ್ ಆಯಿತು.

ಊರಿನ ಕಂಬಕಂಬಕ್ಕೂ ಕಟ್ಟಿದ ಧ್ವನಿವರ್ಧಕದ ಮೈಕನ್ನು ನೀಲಗಂಗಾ ಕೈಗೆತ್ತಿಕೊಂಡಳು.

“ತಂಪು ಮಂಡಳಿಯಿಂದ ನೀಲಗಂಗಾ ಮಾತಾಡ್ಲತ್ತೀನಿ. ಡಬ್ಬಿ ವಾಯರ್ ಕಿತ್ತವ್ರು ಮತ್ತ ಚುಚ್ಚಿಬಿಡ್ರಿ. ಇಲ್ಲಾಂದ್ರ ನಿಮ್ಮ ಮನಿಗಿ ತಂಪು ಬರಂಗಿಲ್ಲ. ಯಾರ್ ಹೆಸರೂ ಬರ್ಕೊಳ್ಳಂಗಿಲ್ಲ, ದಂಡ ಹಾಕಂಗಿಲ್ಲ. ಮೊದಲ ಕಿತ್ತಾಕಿ ನಾನೇ. ಗಾಣಿಗರ ಓಣಿ, ಹದಿನಾಲ್ಕನೇ ನಂಬರ್ ಮನಿ. ಈಗ ನಮ್ಮನಿ ಬಾಗಲಾನೂ ಮುಚ್ಲತ್ತೀನಿ. ತಪ್ಪಾಗ್ಯದ.”

ಒಂದು ಗಂಟೆ ಹತ್ತಕ್ಕೆ ಮೊದಲ ನೂರು ಬಾಗಿಲು ಮುಚ್ಚಿದವು. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಪರದೆಯ ಮೇಲೆ ಖಾಲಿ ಬಾಗಿಲು ಎಂಬ ಸೊನ್ನೆ ಕದಲಿ ಹನ್ನೆರಡಾಯಿತು, ಮತ್ತೆ ಸೊನ್ನೆಯಾಯಿತು, ನಲವತ್ತಾಯಿತು. ವಾಯರ್ ಚುಚ್ಚಿದ ಮನೆಗಳಿಂದ ‘ಬೇಕು’ ಸುದ್ದಿಗಳು ಗುಂಪುಗುಂಪಾಗಿ ಬರತೊಡಗಿದವು. ಎರಡು ಗಂಟೆಯ ಹೊತ್ತಿಗೆ ಕಾಯುವಿಕೆ ಒಂದು ತಾಸಿಗೆ ಇಳಿದಿತ್ತು. ಮನೆಯ ಫೋನ್ ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಏಳು ಸಲ ಮಾಡಿದಳು.

“ನೀವ್ ನಡ್ರಿ ಬಾಯಾರೆ, ಇದನ್ನ ನಾವ್ ನೋಡ್ಕೋತೀವಿ,” ಎಂದು ಲಾಡ್ಲೇಸಾಬ್ ತನ್ನ ಒದ್ದೆ ಟವೆಲನ್ನು ಅವಳ ತಲೆಯ ಮೇಲೆ ಹಾಕಿದ.

ಬಿಸಿಲು ಐವತ್ತೊಂದು. ಮಂಡಳಿಯ ಜೀಪು ಓಣಿಯ ಬಾಯಿಗೆ ಬಂದು ನಿಲ್ಲುವುದರೊಳಗೆ ಅವಳು ಜಿಗಿದು ಓಡಿದಳು. ಮನೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಕಾಲಿಟ್ಟರೆ ನೆಲ ಬೆಚ್ಚಗೆ. ಗೋಡೆಯ ಡಬ್ಬಿಯಲ್ಲಿ ಹಸಿರು ದೀಪ ಉರಿಯುತ್ತಿತ್ತು, ವಾಯರ್ ಚುಚ್ಚಿತ್ತು. ಫರಸಿಯ ಮೇಲೆ ಪಾಟಿ ಬಿದ್ದಿತ್ತು, ಒಂಟೆಗೆ ಮೂರೇ ಕಾಲು. ಯಾರೂ ಇರಲಿಲ್ಲ. ಮುಕ್ತಾ, ಮುಕ್ತಾ ಎಂದು ಕೂಗುತ್ತ ಅಡುಗೆಮನೆಗೆ ಓಡಿದಳು.

“ಇಲ್ಲಿ ಬಾ ಅಕ್ಕಾ!” ಪಕ್ಕದ ಮನೆಯ ಕಿಟಕಿಯಿಂದ ಜಗದೇವಿ ಕೂಗಿದಳು. “ಇಲ್ಲಿ ಅದಾರ!”

ಜಗದೇವಿಯ ನಡುಮನೆಯಲ್ಲಿ ನೆಲ ತಣ್ಣಗಿತ್ತು. ಮುಕ್ತಾ ಒದ್ದೆ ಧೋತರ ಸುತ್ತಿಕೊಂಡು ಗೋಡೆಗೆ ಒರಗಿ ಕೂತು ಮಜ್ಜಿಗೆ ಕುಡಿಯುತ್ತಿದ್ದಳು. ಮುಖ ಕೆಂಪಗಿತ್ತು, ಕಣ್ಣು ಸರಿಯಾಗಿದ್ದವು. ನೀಲಗಂಗಾ ಅವಳ ಹಣೆ, ಕುತ್ತಿಗೆ, ಪಾದ ಮುಟ್ಟಿ ಮುಟ್ಟಿ ನೋಡಿ, ಅಲ್ಲೇ ಕೂತು ಗೊಳೋ ಎಂದು ಅತ್ತುಬಿಟ್ಟಳು.

“ಅವ್ವಾ, ನಾ ಹೊರಗ ಬಂದೀನಿ,” ಎಂದಳು ಮುಕ್ತಾ ಹೆಮ್ಮೆಯಿಂದ. “ಮೊದಲ ಪಾಶಾಮಿಯಾನ ಮನಿಗಿ ಹೋಗಿದ್ವಿ. ಅವ್ರ ಮನ್ಯಾಗ ಬೆಕ್ಕದ.”

“ನಿಮ್ಮನಿ ತಂಪು ನಿಂತಕೂಡ್ಲೆ ನಿಮ್ಮತ್ತೆಮ್ಮ ಕೂಸಿನ್ನ ಎತ್ಕೊಂಡು ಓಣಿಗಿ ಬಂದ್ರು,” ಜಗದೇವಿ ಸೆರಗಿನಿಂದ ಗಾಳಿ ಹಾಕುತ್ತ ಹೇಳಿದಳು. “ಯಾರ್ ಮನ್ಯಾಗ ಸರದಿ ಅದ್ರೋ, ನಮ್ಮ ಕೂಸಿಗಿ ಬೆವರು ಬರಂಗಿಲ್ಲ, ಒಳಗ ಕರ್ಕೊಳ್ರಿ ಅಂತ ನಡು ಓಣ್ಯಾಗ ನಿಂತು ಒದರಿದ್ರು. ಇಷ್ಟ್ ದಿನ ಒಂದ್ ಮಾತು ಹೇಳಬಾರ್ದೇನಕ್ಕ? ಹೇಳಿದ್ರ ನಾ ಯಾಕ ವಾಯರ್ ಕೀಳ್ತಿದ್ದೆ? ನಿಮ್ಮನಿ ಮಂದಿ ದೊಡ್ಡ ಆಫೀಸಿನವ್ರಂತ ಪುಗಸಟ್ಟೆ ತಂಪು ಹೊಡೀಲತ್ತಾರ ಅಂತ ನನಗ ಹೊಟ್ಟಿಕಿಚ್ಚು.”

ಕಸ್ತೂರಬಾಯಿ ಮೂಲೆಯಲ್ಲಿ ಕೂತಿದ್ದಳು. ಬರಿಗಾಲಿನಲ್ಲಿ ಓಡಿಬಂದು ಅಂಗಾಲು ಸುಟ್ಟಿದ್ದವು, ಜಗದೇವಿ ಅದಕ್ಕೆ ಲೋಳಸರ ಹಚ್ಚಿದ್ದಳು.

“ಆ ಅರ್ಜಿ ಎಲ್ಲಿಟ್ಟಿ?” ಎಂದು ಸೊಸೆಯನ್ನು ಕೇಳಿದಳು.

“ಕಪಾಟಿನ್ಯಾಗ ಅದ ಅತ್ತೆಮ್ಮಾ.”

“ಸಂಜಿಗಿ ತಾ. ಹೆಬ್ಬಟ್ಟು ಒತ್ತತೀನಿ. ನಿನ್ನ ಗಂಡಗೂ ಫೋನ್ ಮಾಡಿ ನಾನೇ ಹೇಳ್ತೀನಿ. ಹಲಗಿ ಬಂದ್ರ ಮೊಳಿನೂ ನಾನೇ ಹೊಡೀತೀನಿ. ಊರಿಗೆಲ್ಲಾ ನೀ ಮೈಕಿನ್ಯಾಗ ಸಾರೀದಿ, ಓಣಿಗೆಲ್ಲಾ ನಾ ಒದರೀನಿ, ಇನ್ನೇನ್ ಮುಚ್ಚಿಡೋದದ?”

ಜಗದೇವಿಯ ಗೋಡೆಯ ಡಬ್ಬಿ ಟಿಕ್ ಎಂದಿತು. ನೆಲದಡಿಯ ನೀರಿನ ಸದ್ದು ನಿಂತಿತು.

“ನಮ್ಮ ಸರದಿ ಮುಗೀತು,” ಎಂದು ಜಗದೇವಿ ಎದ್ದು ಕಿಟಕಿಯಿಂದ ಓಣಿಯ ಆಚೆಗೆ ಕೂಗಿದಳು: “ಯಾರ್ ಮನ್ಯಾಗ ಬಂತ್ರೇ?”

ಎದುರುಮನೆಯಿಂದ ಹೆಂಗಸಿನ ದನಿ ಬಂತು. “ನಮ್ಮನ್ಯಾಗ! ಈಗ್ತಾನೇ ಬಂತು. ಕೂಸಿನ್ನ ಲಗೂ ಕರ್ಕೊಂಡ್ ಬರ್ರಿ!”

ನೀಲಗಂಗಾ ಲಾಡ್ಲೇಸಾಬನ ಟವೆಲನ್ನು ಕೊಡದ ನೀರಿನಲ್ಲಿ ಅದ್ದಿ ಮಗಳ ತಲೆಗೆ ಸುತ್ತಿ ಎತ್ತಿಕೊಂಡಳು. ಕಸ್ತೂರಬಾಯಿ ಜಗದೇವಿಯ ಹೆಗಲು ಹಿಡಿದು ಕುಂಟುತ್ತ ಹೊಸಿಲು ದಾಟಿದಳು.

“ಅವ್ವಾ, ನಮ್ಮನಿ ಸರದಿ ಯಾವಾಗ?” ಮುಕ್ತಾ ಕೇಳಿದಳು.

“ಇವ್ರದಾದ ಮ್ಯಾಲ,” ಎಂದು ನೀಲಗಂಗಾ ಓಣಿಯ ಬಿಸಿಲಿಗೆ ಇಳಿದಳು.